ಓದದೆ ಬಿಟ್ಟ ಎರಡು ಸಾಲು

ಕಮಲಾಕರ ಹೆಗಡೆಗೆ ತಾನು ಕೆಟ್ಟವನೆಂದು ಯಾವತ್ತೂ ಅನ್ನಿಸಿರಲಿಲ್ಲ. ಅನ್ನಿಸುವಂಥ ಕೆಲಸವನ್ನೂ ಅವನು ಮಾಡಿರಲಿಲ್ಲ ಅನ್ನಿ. ಯಾರ ಸಹಿಯನ್ನೂ ಕದ್ದು ಹಾಕಿದವನಲ್ಲ, ಯಾರ ದುಡ್ಡನ್ನೂ ಎತ್ತಿ ಜೇಬಿಗಿಳಿಸಿದವನಲ್ಲ. ಹೊನ್ನಾವರದ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮಾಳಿಗೆಯ ಮೇಲೆ ಎರಡು ಕಂಪ್ಯೂಟರು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಗೊಂದು ಟಿವಿ ಇಟ್ಟುಕೊಂಡು ಮುಂಬೈಯ ಶೇರು ಕಂಪನಿಯೊಂದಕ್ಕೆ ಏಜೆಂಟನಾಗಿದ್ದ. ಗಿರಾಕಿಗಳು ಶೇರು ಕೊಂಡಾಗಲೂ ಮಾರಿದಾಗಲೂ ಕಂಪನಿ ದಲಾಲಿ ಮುರಿದುಕೊಳ್ಳುತ್ತಿತ್ತು. ಅದರಲ್ಲಿ ಅರ್ಧ ಇವನಿಗೆ. ಕಾನೂನಿನ ಪ್ರಕಾರ ಎಲ್ಲವೂ ಸರಿ. ಜನರನ್ನು ಮುಳುಗಿಸುವ ಎಷ್ಟೋ ಕೆಲಸಗಳು ಕಾನೂನಿನ ಪ್ರಕಾರ ಸರಿಯಾಗಿಯೇ ಇರುತ್ತವೆ, ಆ ಮಾತು ಬೇರೆ.

ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಜೋರಾಗಿ, ಒಂದು ಮೆತ್ತಗೆ ಕೇಳಿಸಿದರೆ ಅದು ಭಾಸ್ಕರ. ಶರಾವತಿಯ ಆಚೆ ದಡದ ಕಾಸರಕೋಡಿನವನು, ಹಳೆಯ ಮರದ ಬೋಟೊಂದರ ಮಾಲೀಕ. ಮೂರು ವರ್ಷದ ಹಿಂದೆ ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಸಿಕ್ಕಿ ಅವನ ಎಡ ಪಾದ ಜಜ್ಜಿಹೋಗಿತ್ತು. ಅಂದಿನಿಂದ ಬೋಟನ್ನು ಅದನ್ನು ನಡೆಸುವ ತಾಂಡೇಲ ಪಾಂಡುವಿನ ಕೈಗೆ ಕೊಟ್ಟು ದಡದಲ್ಲಿ ಕೂತಿದ್ದ. ಇಪ್ಪತ್ತೈದು ವರ್ಷ ನೀರಿನ ಮೇಲೆ ಬದುಕಿದ ಮನುಷ್ಯ ಮನೆಯ ಜಗಲಿಯ ಮೇಲೆ ಎಷ್ಟು ದಿನ ಕೂತಾನು? ಹೆಂಡತಿ ರೇಖಾಳ ಮೇಲೆ ರೇಗಿ, ನಾಯಿಯ ಮೇಲೆ ರೇಗಿ, ಕಡೆಗೆ ಒಂದು ದಿನ ಪೇಟೆಗೆ ಬಂದವನು ಕಮಲಾಕರನ ಬೋರ್ಡು ನೋಡಿ ಮೆಟ್ಟಿಲು ಹತ್ತಿದ್ದ. ಇಬ್ಬರೂ ಪಿಯುಸಿಯಲ್ಲಿ ಒಂದೇ ಬೆಂಚಿನವರು. ಒಬ್ಬ ಮೀನು ಮುಟ್ಟದ ಬ್ರಾಹ್ಮಣರ ಮನೆಯವನು, ಇನ್ನೊಬ್ಬ ಮೀನುಗಾರರ ಮನೆಯವನು, ಆದರೂ ಆಗ ಒಬ್ಬರಿಗೊಬ್ಬರು ‘ನೀನು’. ಈಗ ಭಾಸ್ಕರ ‘ಹೆಗ್ಡೇರೆ, ನೀವು’ ಎನ್ನುತ್ತಿದ್ದ. ಕಮಲಾಕರ ಒಮ್ಮೆ ಬೇಡ ಎಂದ, ಎರಡನೆಯ ಸಲ ಸುಮ್ಮನಾದ.

ಭಾಸ್ಕರನಿಗೆ ಒಂದು ಗುಣವಿತ್ತು. ಸಮುದ್ರದಲ್ಲಿ ನೀರಿನ ಬಣ್ಣ ಎಲ್ಲಿ ತುಸು ಕಪ್ಪಾಗಿದೆ, ಹಕ್ಕಿ ಯಾವ ಕಡೆ ಬಾಗುತ್ತಿದೆ ನೋಡಿ ಬಂಗಡೆ ಮೀನು ಇಲ್ಲಿದೆ, ತಾರ್ಲೆ ಅಲ್ಲಿದೆ ಎನ್ನುತ್ತಿದ್ದವನು ಅವನು. ಬಂದರದ ಬೇರೆ ಬೋಟುಗಳು ಅವನ ಬೋಟಿನ ಹಿಂದೆ ಹೋಗುತ್ತಿದ್ದವು. ಅದೇ ಕಣ್ಣನ್ನು ಅವನು ಕಂಪ್ಯೂಟರಿನ ಪರದೆಗೆ ನೆಟ್ಟ. ಆರೇಳು ಕಂಪನಿಗಳ ಶೇರನ್ನಷ್ಟೇ ಹಿಡಿದುಕೊಂಡು, ಅವು ಬೆಳಿಗ್ಗೆ ಹೇಗೆ ಏಳುತ್ತವೆ, ಮಧ್ಯಾಹ್ನ ಹೇಗೆ ಮಲಗುತ್ತವೆ ಎಂದು ತಿಂಗಳುಗಟ್ಟಲೆ ನೋಡಿದ.

“ಇವತ್ತು ಈ ಉಕ್ಕಿನ ಶೇರು ಮ್ಯಾಲೆ ಹೋತದೆ, ನೋಡಿ ಹೆಗ್ಡೇರೆ,” ಎನ್ನುತ್ತಿದ್ದ. ಹತ್ತರಲ್ಲಿ ಆರು ಸಲ ಅದು ಹೋಗುತ್ತಲೂ ಇತ್ತು. ಹತ್ತರಲ್ಲಿ ಆರು ಎಂದರೆ ಈ ವ್ಯಾಪಾರದಲ್ಲಿ ಸಣ್ಣ ಮಾತಲ್ಲ. ಸೂಟು ತೊಟ್ಟು ಟಿವಿಯಲ್ಲಿ ಮಾತಾಡುವವರದೂ ಅಷ್ಟು ಸರಿಹೋಗುವುದಿಲ್ಲ.

ಅವನು ಆಡುತ್ತಿದ್ದದ್ದು ಅಂದಂದೇ ಕೊಂಡು ಅಂದಂದೇ ಮಾರುವ ಆಟ. ಅದಕ್ಕೆ ಕಂಪನಿ ಸಾಲ ಕೊಡುತ್ತದೆ. ಭಾಸ್ಕರನ ಖಾತೆಯಲ್ಲಿ ಒಂದು ಲಕ್ಷ ಇದ್ದರೆ ಐದು ಲಕ್ಷದ ಶೇರು ಹಿಡಿಯಬಹುದು, ಸಂಜೆಯೊಳಗೆ ಬಿಟ್ಟರಾಯಿತು. ಕೇಳುವುದಕ್ಕೆ ಬಹಳ ಉದಾರ. ಆದರೆ ದಲಾಲಿ, ಸರ್ಕಾರದ ತೆರಿಗೆ, ಸ್ಟ್ಯಾಂಪು, ಜಿಎಸ್‌ಟಿ ಎಲ್ಲ ಬೀಳುವುದು ಒಂದು ಲಕ್ಷದ ಮೇಲಲ್ಲ, ಐದು ಲಕ್ಷದ ಮೇಲೆ. ಒಂದು ಸಲ ಕೊಂಡು ಮಾರಿದರೆ ಐನೂರು ರೂಪಾಯಿಯ ಮೇಲೆ ಚಿಲ್ಲರೆ. ಐದು ಲಕ್ಷದ ಮಾಲಿಗೆ ಐನೂರು ಯಾವ ಲೆಕ್ಕ ಎನ್ನಿಸುತ್ತದೆ. ಆದರೆ ಅದು ಹೋಗುವುದು ಭಾಸ್ಕರನ ಒಂದು ಲಕ್ಷದಿಂದ, ಮತ್ತು ಭಾಸ್ಕರ ದಿನಕ್ಕೆ ಆರು ಸಲ ಕೊಂಡು ಮಾರುತ್ತಿದ್ದ. ದಿನಕ್ಕೆ ಮೂರು ಸಾವಿರದ ಮೇಲಾಯಿತು. ಗೆಲ್ಲದೆ ಸೋಲದೆ ಸುಮ್ಮನೆ ಆಡುತ್ತಾ ಕೂತರೂ ಒಂದೂವರೆ ತಿಂಗಳಿಗೆ ಒಂದು ಲಕ್ಷ ನೆಲ ಕಚ್ಚುತ್ತದೆ.

ಇದು ಭಾಸ್ಕರನಿಗೆ ಗೊತ್ತಿರಲಿಲ್ಲ. ನಲವತ್ತು ಪುಟದ ಇಂಗ್ಲಿಷ್ ಒಪ್ಪಂದದಲ್ಲಿ ಇಪ್ಪತ್ತೆರಡು ಕಡೆ ಅವನು ಸಹಿ ಹಾಕಿದ್ದ. ಯಾವುದರ ಮೇಲೆ ಎಷ್ಟು ಮುರಿಯುತ್ತಾರೆಂದು ಅದರ ಮೂವತ್ತೊಂದನೆಯ ಪುಟದಲ್ಲಿ ಅಚ್ಚಾಗಿತ್ತು. ದಿನವೂ ಸಂಜೆ ಕಂಪನಿ ಗಿರಾಕಿಯ ಇಮೇಲಿಗೆ ಅಂದಿನ ಬಿಲ್ಲು ಕಳಿಸುತ್ತದೆ, ಅದರಲ್ಲಿ ಪೈಸೆ ಪೈಸೆ ಬರೆದಿರುತ್ತದೆ. ಭಾಸ್ಕರನಿಗೆ ಇಮೇಲು ಇರಲಿಲ್ಲ. ಖಾತೆ ತೆರೆಯುವ ದಿನ ಆ ಖಾನೆಯಲ್ಲಿ ಕಮಲಾಕರ ತನ್ನ ಆಫೀಸಿನದೇ ಒಂದು ವಿಳಾಸ ಬರೆದ. ಹಾಗೆ ಬರೆಯಬಾರದು, ಎಲ್ಲ ಏಜೆಂಟರೂ ಬರೆಯುತ್ತಾರೆ. ಆ ಪೆಟ್ಟಿಗೆಯಲ್ಲಿ ಭಾಸ್ಕರನ ನಾನೂರ ಎಂಬತ್ತು ಬಿಲ್ಲುಗಳು ಒಂದೂ ಬಿಚ್ಚದೆ ಬಿದ್ದಿದ್ದವು.

ಒಮ್ಮೆ ಮಾತ್ರ ಭಾಸ್ಕರ ಕೇಳಿದ್ದ. ಮೊದಲ ವರ್ಷವೇ, ಒಂದು ಬೆಳಿಗ್ಗೆ ಪರದೆ ನೋಡಿ ಹುಬ್ಬು ಗಂಟು ಹಾಕಿಕೊಂಡು. “ನಿನ್ನೆ ಸಂಜಿಗೆ ಸಾವಿರದೆಂಟನೂರು ಲಾಭ ತೋರಿಸ್ತಿತ್ತಲ, ಹೆಗ್ಡೇರೆ. ಇವತ್ತು ನೋಡಿರೆ ಇದ್ದ ದುಡ್ಡೂ ಕಮ್ಮಿ ಆಗದೆ. ಎಂತದು ಇದು?”

ಕಮಲಾಕರನ ಬಾಯಿಗೆ ನಿಜವೇ ಬಂದಿತ್ತು. ಆದರೆ ಆ ತಿಂಗಳು ಮಗಳು ಅರ್ಚಿತಾಳಿಗೆ ಮಂಗಳೂರಿನ ಫಾರ್ಮಸಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಮತ್ತು ಆಫೀಸಿನ ಗಳಿಕೆಯಲ್ಲಿ ಸರೀ ಅರ್ಧ, ತಿಂಗಳಿಗೆ ಹದಿನೆಂಟು ಸಾವಿರ, ಈ ಒಬ್ಬ ಭಾಸ್ಕರನಿಂದ ಬರುತ್ತಿತ್ತು. “ಕಂಪನಿ ಲೆಕ್ಕ ಹಿಂದೆ ಮುಂದೆ ಆಗ್ತಾ ಇರ್ತದೆ ಮಾರಾಯ. ಎರಡು ದಿನಕ್ಕೆ ಸೇರ್ತದೆ,” ಎಂದುಬಿಟ್ಟ.

“ಹಾಂಗಾ? ಆತು,” ಎಂದ ಭಾಸ್ಕರ. ಮತ್ತೆ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎನ್ನುವುದಕ್ಕೆ ಕಾಸರಕೋಡಿನ ರೀತಿ ಗೊತ್ತಿರಬೇಕು. ಅಲ್ಲಿ ವಾರಕ್ಕೊಮ್ಮೆ ಬೋಟಿನ ಪಾಲು ಹಂಚುತ್ತಾರೆ. ಮೀನು ಒಣಗಿಸುವ ಅಂಗಳದಲ್ಲಿ ಮಾಲೀಕ, ತಾಂಡೇಲ, ಆಳುಗಳು ಎಲ್ಲ ಸುತ್ತ ಕೂರಬೇಕು. ಒಬ್ಬರು ಲೆಕ್ಕ ಓದಬೇಕು. ಇಷ್ಟಕ್ಕೆ ಮೀನು ಹೋಯಿತು, ಹರಾಜು ಕೂಗಿದವನ ದಲಾಲಿ ಇಷ್ಟು, ಡೀಸೆಲು ಇಷ್ಟು, ಮೀನು ಕೆಡದಂತೆ ಹಾಕುವ ಬರ್ಫ ಇಷ್ಟು, ಅಕ್ಕಿ ಸಾಮಾನು ಇಷ್ಟು. ಒಂದೊಂದು ಖರ್ಚು ಓದಿದಾಗಲೂ ನಿಲ್ಲಿಸಿ, ಎಲ್ಲರೂ ಹೂಂ ಅಂದ ಮೇಲೆ ಮುಂದಿನದು. ಕಡೆಗೆ ಉಳಿದದ್ದರಲ್ಲಿ ಅರ್ಧ ಬೋಟಿಗೆ, ಅರ್ಧ ಆಳುಗಳಿಗೆ. ಭಾಸ್ಕರನ ಬೋಟಿನ ಲೆಕ್ಕ ಓದುತ್ತಿದ್ದವಳು ರೇಖಾ. ಓದದೆ ಮುರಿದ ದುಡ್ಡು ಆ ಅಂಗಳದಲ್ಲಿ ಕಳ್ಳತನಕ್ಕೆ ಸಮ. ಹಾಗಾಗಿ ಯಾರೂ ಮುರಿಯುವುದಿಲ್ಲ, ಯಾರೂ ಅನುಮಾನಪಡುವುದೂ ಇಲ್ಲ. ಈ ರೀತಿಯಲ್ಲೇ ಬೆಳೆದ ಭಾಸ್ಕರನಿಗೆ, ಬಾಯಿಬಿಟ್ಟು ಹೇಳದೆ ದಿನವೂ ಆರು ಸಲ ಯಾರೋ ತನ್ನ ದುಡ್ಡು ಮುರಿಯುತ್ತಿದ್ದಾರೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ದುಡ್ಡು ಕರಗುತ್ತಿರುವುದು ಅವನಿಗೂ ಕಾಣುತ್ತಿತ್ತು. ಅದಕ್ಕೆ ಅವನು ಕಂಡುಕೊಂಡ ಕಾರಣ ಒಂದೇ: ತಾನು ಗೆದ್ದದ್ದು ನೆನಪಿರುತ್ತದೆ, ಸೋತದ್ದು ಮರೆತುಹೋಗುತ್ತದೆ. ತಪ್ಪು ತನ್ನ ತಲೆಯದೇ ಇರಬೇಕು.

ಹೀಗೆ ಎರಡು ವರ್ಷ. ಕಾಲಿಗೆ ಬಂದ ವಿಮೆ ದುಡ್ಡು ಹೋಯಿತು. ಬ್ಯಾಂಕಿನಲ್ಲಿ ಇದ್ದದ್ದು ಹೋಯಿತು. ರೇಖಾಳ ಎರಡು ಎಳೆ ಸರ ಹೋಯಿತು. ಬೋಟಿನ ಮೇಲೆ ಮೀನುಗಾರರ ಸೊಸೈಟಿಯಲ್ಲಿ ನಾಲ್ಕು ಲಕ್ಷ ಸಾಲ ತೆಗೆದದ್ದೂ ಹೋಯಿತು. ಒಂದೊಂದು ಸಲ ಖಾತೆ ಬರಿದಾದಾಗಲೂ ಭಾಸ್ಕರ ಎರಡು ದಿನ ಬರುತ್ತಿರಲಿಲ್ಲ. ಮೂರನೆಯ ದಿನ ದುಡ್ಡು ಹೊಂದಿಸಿಕೊಂಡು ಬರುತ್ತಿದ್ದ. ಕಮಲಾಕರ ಚಹಾ ತರಿಸುತ್ತಿದ್ದ. “ಮಾರ್ಕೆಟು ಹಾಂಗೇಯ, ಭಾಸ್ಕರ,” ಎನ್ನುತ್ತಿದ್ದ. ಅದೊಂದು ಮಾತನ್ನು ಅವನು ಎಷ್ಟು ಸಲ ಆಡಿದ್ದನೋ ದೇವರಿಗೇ ಗೊತ್ತು.

ಈ ಮಾರ್ಚ್ ತಿಂಗಳ ಕೊನೆಯಲ್ಲಿ ಭಾಸ್ಕರ ಬಂದವನು ಪರದೆಯ ಕಡೆ ನೋಡಲೇ ಇಲ್ಲ. ಕುರ್ಚಿಯನ್ನು ಕಮಲಾಕರನ ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

“ಬೋಟು ಮಾರೂದು ಅಂತ ಮಾಡಿದೆ, ಹೆಗ್ಡೇರೆ. ಭಟ್ಕಳದ್ದೊಂದು ಪಾರ್ಟಿ ಅದೆ. ಮಕ್ಕಳೆಲ್ಲ ದುಬೈಲಿ ಇದ್ದವರು. ಒಂಬತ್ತು ಲಕ್ಷಕ್ಕೆ ಕೇಳಿದ್ರು. ಸೊಸೈಟಿ ಸಾಲ ತೀರಿಸಿ, ಉಳಿದದ್ದನ್ನ ಪೂರಾ ಇಲ್ಲಿ ಹಾಕ್ತೆ. ದೊಡ್ಡ ಗಂಟು ಇದ್ರೆ ಹೋದದ್ದು ವಾಪಸ್ ಬತ್ತದೆ ಅಂತ ನಂಗೆ ಕಾಣ್ತದೆ. ನೀವೆಂತ ಹೇಳ್ತ್ರಿ?”

ಬೋಟೆಂದರೆ ಭಾಸ್ಕರನ ಮನೆಯ ಅನ್ನ. ಪಾಂಡುವೂ ಸೇರಿ ಐದು ಆಳುಗಳ ಮನೆಯ ಅನ್ನವೂ ಹೌದು. ದೊಡ್ಡ ಗಂಟಿಗೆ ದೊಡ್ಡ ದಲಾಲಿ. ಐದು ಲಕ್ಷ ಹಾಕಿದರೆ ಇಪ್ಪತ್ತೈದು ಲಕ್ಷದ ಮೇಲೆ ಮುರಿಯುತ್ತಾರೆ, ಗಂಟು ಮಾತ್ರ ಅದೇ ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಇದೆಲ್ಲ ಕಮಲಾಕರನಿಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟವಾಗಿತ್ತು. “ಅವಸರ ಮಾಡಬೇಡ. ವಿಚಾರ ಮಾಡುವ,” ಎಂದ. ಬೇಡ ಎನ್ನಲಿಲ್ಲ.

ಅದೇ ಮಧ್ಯಾಹ್ನ ಕುಮಟಾದ ಶಾಖೆಯಿಂದ ಅಕ್ಷಯನ ಫೋನು ಬಂತು. ಇಪ್ಪತ್ತೆಂಟು ವರ್ಷದ ಮ್ಯಾನೇಜರು, ಮಾತಿಗೆ ಮೊದಲು ಸರ್, ಮಾತಿನ ಕೊನೆಗೆ ಸರ್. “ಸರ್, ಈ ಕ್ವಾರ್ಟರಿಗೆ ನಿಮ್ಮದು ಸ್ವಲ್ಪ ಡೌನ್ ಆಗಿದೆ. ಆ ಬೋಟಿನವರು ಇದ್ದಾರಲ್ಲ, ಅವರ ಹತ್ರ ಇನ್ನಷ್ಟು ದುಡ್ಡು ಹಾಕಿಸಿ, ಮಾರ್ಜಿನ್ ಹೆಚ್ಚು ಮಾಡಿಸಿ. ಆಕ್ಟಿವ್ ಕ್ಲೈಂಟು, ಬಿಡಬೇಡಿ ಸರ್.” ಕಮಲಾಕರ ಹೂಂ ಎಂದ. ಅಕ್ಷಯನಿಗೆ ಬೋಟಿನವರು ಎಂದರೆ ಒಂದು ನಂಬರು. ಅವನ ಮೇಲೆ ಸಿಟ್ಟು ಬರಿಸಿಕೊಳ್ಳಲು ಕಮಲಾಕರ ಪ್ರಯತ್ನಪಟ್ಟ, ಬರಲಿಲ್ಲ.

ಏಪ್ರಿಲಿನಲ್ಲಿ ಒಂದು ದಿನ ಭಾಸ್ಕರ ಆ ಪಾರ್ಟಿಯ ಹತ್ತಿರ ಮಾತಾಡಲು ಭಟ್ಕಳಕ್ಕೆ ಹೋಗಿದ್ದಾಗ ರೇಖಾ ಒಬ್ಬಳೇ ಆಫೀಸಿಗೆ ಬಂದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು ಕಂಪ್ಯೂಟರನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದಳು.

“ಇದರಲ್ಲಿ ಅವರ ಲೆಕ್ಕ ಪೂರಾ ಅದ್ಯಾ, ಹೆಗ್ಡೇರೆ?”

“ಅದೆ ರೇಖಕ್ಕ.”

“ಹಾಂಗಾರೆ ಓದಿ ಹೇಳಿ. ಮೊದಲಿಂದ ಇವತ್ತಿನವರೆಗೆ. ಬೋಟಿಂದು ನಾ ಓದ್ತೆ, ಅದೊಂದು ನಂಗೆ ಗುತ್ತು. ಇದು ಇಂಗ್ಲಿಷು, ನಂಗೆ ಬತ್ತಿಲ್ಲ. ಅವರ ಹತ್ರ ಕೇಳಿರೆ ನನ್ನ ತಲೆ ಹಾಳಾಗದೆ, ಎಂತ ಹೋಯ್ತು ಎಂತ ಬಂತು ನೆನಪಿಲ್ಲ ಅಂತ್ರು. ರಾತ್ರೆ ಎದ್ದು ಕೂತ್ಕಂತ್ರು. ನಂಗೆ ಹೆದರಿಕೆ ಆತದೆ.”

ಅಲ್ಲಿಯವರೆಗೆ ಕಮಲಾಕರನೂ ಆ ಲೆಕ್ಕವನ್ನು ಒಟ್ಟು ಮಾಡಿ ನೋಡಿರಲಿಲ್ಲ. ನೋಡಬಾರದೆಂದೇ ನೋಡಿರಲಿಲ್ಲ ಅನ್ನುವುದು ಹೆಚ್ಚು ನಿಜ. ಖಾತೆ ತೆರೆದ ದಿನದಿಂದ ಇವತ್ತಿನವರೆಗೆ ಎಂದು ತಾರೀಕು ಹಾಕಿ ಗುಂಡಿ ಒತ್ತಿದ. ಪ್ರಿಂಟರು ಒಂದು ಹಾಳೆ ಉಗುಳಿತು. ಮೂರೇ ಸಾಲು.

ವ್ಯವಹಾರದಲ್ಲಿ ಲಾಭ: ಎರಡು ಲಕ್ಷದ ಮೂವತ್ತೊಂದು ಸಾವಿರ.

ದಲಾಲಿ, ತೆರಿಗೆ ಮತ್ತು ಇತರೆ ಶುಲ್ಕ: ಹದಿನೈದು ಲಕ್ಷದ ನಲವತ್ತು ಸಾವಿರ.

ಒಟ್ಟು ನಷ್ಟ: ಹದಿಮೂರು ಲಕ್ಷದ ಒಂಬತ್ತು ಸಾವಿರ.

ಮೊದಲ ಸಾಲನ್ನು ಕಮಲಾಕರ ಮೂರು ಸಲ ಓದಿಕೊಂಡ. ಭಾಸ್ಕರ ಸೋತಿರಲಿಲ್ಲ. ಎರಡು ವರ್ಷದಲ್ಲಿ ಎರಡೂಕಾಲು ಲಕ್ಷದ ಮೇಲೆ ಗೆದ್ದಿದ್ದ. ಅವನ ಕಣ್ಣು ಹಾಳಾಗಿರಲಿಲ್ಲ, ತಲೆಯೂ ಹಾಳಾಗಿರಲಿಲ್ಲ. ಅವನ ನೆನಪೇ ಸರಿ, ಕಂಪನಿಯ ಬ್ಯಾಲೆನ್ಸೇ ಬೇರೆ ಕಥೆ ಹೇಳುತ್ತಿತ್ತು. ಎರಡನೆಯ ಸಾಲಿನೊಳಗೆ ತನ್ನ ಪಾಲು ಎಷ್ಟೆಂದು ಕಮಲಾಕರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಾಲ್ಕು ಲಕ್ಷದ ಮೂವತ್ತೈದು ಸಾವಿರ.

“ಎಂತ ಅದೆ ಅದರಲ್ಲಿ?” ರೇಖಾ ಮೇಜಿನ ಅಂಚು ಹಿಡಿದುಕೊಂಡಿದ್ದಳು.

“ಹದಿಮೂರು ಲಕ್ಷ ನಷ್ಟ, ರೇಖಕ್ಕ.”

ಅವಳು ಹೂಂ ಅನ್ನಲಿಲ್ಲ. “ಎಂತೆಂತಕ್ಕೆ ಹೋಯ್ತು?” ಎಂದು ಕೇಳಿದಳು. ಅಂಗಳದಲ್ಲಿ ಲೆಕ್ಕ ಓದುವವಳ ಪ್ರಶ್ನೆ ಅದು.

“ವ್ಯವಹಾರದಲ್ಲೇ ಹೋಯ್ತು. ಕೊಳ್ಳೂದು, ಮಾರೂದು. ಒಂದಿನ ಬತ್ತದೆ, ಒಂದಿನ ಹೋತದೆ.” ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾ ಸೇರಿಸಿದ, “ಬೋಟು ಮಾರಿ ಇದರಲ್ಲಿ ಹಾಕೂದು ಬೇಡ ಅಂತ ಅವನಿಗೆ ಹೇಳಿ. ನಾನು ಹೇಳಿದೆ ಅಂತಲೇ ಹೇಳಿ.”

ರೇಖಾಳ ಕಣ್ಣು ತುಂಬಿ ಬಂತು. “ನಿಮ್ಮಿಂದ ಉಪಕಾರ ಆತು,” ಎಂದು ಕೈ ಮುಗಿದು ಇಳಿದು ಹೋದಳು. ಆ ಕೈ ಮುಗಿದದ್ದನ್ನು ಕಮಲಾಕರ ತೆಗೆದುಕೊಂಡ, ನಾಚಿಕೆಗೆಟ್ಟವನು. ಅಂದು ಮನೆಗೆ ಹೋಗುವಾಗ ಅವನ ಮನಸ್ಸು ಹಗುರವಾಗಿಯೂ ಇತ್ತು. ಬೋಟು ಉಳಿಯಿತು, ತನ್ನ ಮಾನವೂ ಉಳಿಯಿತು, ಎರಡೂ ಒಂದೇ ಮಾತಿನಲ್ಲಿ.

ಊಟದ ಹೊತ್ತಿಗೆ ಅವನ ಅಂಗಿಯ ಜೇಬಿನಲ್ಲಿದ್ದ ಹಾಳೆ ಹೆಂಡತಿ ಮೂಕಾಂಬಿಕಾಳ ಕೈಗೆ ಸಿಕ್ಕಿತು. ಒಗೆಯಲು ಹಾಕುವ ಮೊದಲು ಜೇಬು ನೋಡುವುದು ಅವಳ ಅಭ್ಯಾಸ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಮೂರು ಸಾಲು ಓದಲು ಅವಳಿಗೆ ಯಾರೂ ಬೇಕಾಗಿರಲಿಲ್ಲ.

“ಇದು ಭಾಸ್ಕರಂದಾ?” ಎಂದಳು. “ಅವ ಸೋತಿದ್ದೇ ಇಲ್ಲೆ ಅಲ್ದಾ?”

ಕಮಲಾಕರ ಅನ್ನ ಕಲಸುತ್ತಾ ಕೂತ.

“ರೇಖಂಗೆ ಹೇಳಿದ್ರಾ ಇದನ್ನ?”

“ನಷ್ಟ ಎಷ್ಟು ಹೇಳಿ ಹೇಳಿದ್ದೆ. ಮೇಲಿಂದು ಹೇಳಿದ್ನಿಲ್ಲೆ.”

“ಹೇಳವು,” ಎಂದಳು, ಹೇಳಲೇಬೇಕು ಎನ್ನುವ ದನಿಯಲ್ಲಿ. “ಪಾಪ, ತನ್ನ ತಲೆಯೇ ಸರಿ ಇಲ್ಲೆ ಹೇಳಿ ಕೂತಿದ್ದ ಅವ. ನಾಳೆನೇ ಹೋಗಿ ಹೇಳವು.”

“ಹೇಳಿರೆ ಇಮೇಲಿಂದೂ ಹೇಳವು,” ಎಂದ ಕಮಲಾಕರ. “ಅವ ಕಂಪನಿಗೆ ನನ್ನ ಮೇಲೆ ಒಂದು ಅರ್ಜಿ ಕೊಟ್ರೆ ನನ್ನ ಲೈಸೆನ್ಸು ಹೋಗ್ತು. ಇಲ್ಲೆ, ಅರ್ಜಿ ಕೊಡಡ ಹೇಳವು ಅಂದ್ರೆ ನನ್ನ ಪಾಲಿಂದು ನಾಲ್ಕು ಲಕ್ಷ ವಾಪಸ್ ಕೊಡವು. ಬ್ಯಾಂಕಲ್ಲಿ ಇಪ್ಪದು ಅಷ್ಟೇಯ. ಜೂನಲ್ಲಿ ಅರ್ಚಿತಂದು ಫೀ ಕಟ್ಟವು.”

ಮೂಕಾಂಬಿಕಾ ಹಾಳೆಯನ್ನು ಮಡಚಿದಳು. “ಮಜ್ಜಿಗೆ ಹಾಕಲಾ?” ಎಂದಳು. ಅವಳ ಮೇಲೆ ಕಮಲಾಕರನಿಗೆ ಆ ಕ್ಷಣ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಇನ್ನೊಂದು ಸಲ ಹೇಳವು ಎಂದಿದ್ದರೆ ಅವನು ಹೋಗಿ ಹೇಳಿಬಿಡುತ್ತಿದ್ದನೇನೋ. ಅವಳೂ ಸುಮ್ಮನಾದಳು, ಅವನೂ ಸುಮ್ಮನಾದ. ಇಬ್ಬರೂ ಆಮೇಲೆ ಆ ಮಾತು ಎತ್ತಲಿಲ್ಲ.

ಭಾಸ್ಕರ ಆಟ ನಿಲ್ಲಿಸಿದ. ಭಟ್ಕಳದವರಿಗೆ ಬೋಟು ಕೊಡುವುದಿಲ್ಲ ಎಂದು ಹೇಳಿ ಕಳಿಸಿದ. ಕಮಲಾಕರನ ಆಫೀಸಿನಲ್ಲಿ ಆ ಕುರ್ಚಿ ಖಾಲಿ ಬಿತ್ತು, ತಿಂಗಳ ಗಳಿಕೆಯೂ ಅರ್ಧಕ್ಕಿಳಿಯಿತು. ಅದನ್ನು ಕಮಲಾಕರ ತನ್ನ ಪ್ರಾಯಶ್ಚಿತ್ತ ಎಂದುಕೊಂಡ. ಸೋವಿಯಲ್ಲಿ ಮುಗಿದುಹೋಗುವ ಪ್ರಾಯಶ್ಚಿತ್ತ ಯಾರಿಗೆ ಬೇಡ?

ಆದರೆ ಸೊಸೈಟಿಯವರಿಗೆ ಯಾರ ಪ್ರಾಯಶ್ಚಿತ್ತವೂ ಬೇಕಿರಲಿಲ್ಲ. ನಾಲ್ಕು ಲಕ್ಷ ಸಾಲದ ಕಂತು ಒಂದು ವರ್ಷದಿಂದ ನಿಂತಿತ್ತು. ಮೇ ಮೊದಲ ವಾರ ನೋಟಿಸು ಬಂತು: ತಿಂಗಳ ಕೊನೆಯೊಳಗೆ ಪೂರ್ತಿ ತುಂಬದಿದ್ದರೆ ಬೋಟು ಜಪ್ತಿ. ಜೂನ್ ಒಂದರಿಂದ ಎರಡು ತಿಂಗಳು ಹೇಗೂ ಮೀನುಗಾರಿಕೆ ಬಂದ್, ಆಗ ದುಡಿಮೆಯೂ ಇಲ್ಲ. ಭಾಸ್ಕರ ಕಂಡಕಂಡವರ ಮನೆಯ ಬಾಗಿಲು ಬಡಿದ. ಬರ್ಫದ ಕಾರ್ಖಾನೆಯವರು ಇಲ್ಲವೆಂದರು, ರೇಖಾಳ ಅಣ್ಣ ಲಿಂಗಪ್ಪ ಹತ್ತು ಸಾವಿರ ಕೊಟ್ಟು ಕೈ ತೊಳೆದುಕೊಂಡ. ಇದೆಲ್ಲ ಕಮಲಾಕರನಿಗೆ ಪೇಟೆಯಲ್ಲಿ ಕಿವಿಗೆ ಬೀಳುತ್ತಲೇ ಇತ್ತು. ಆಫೀಸಿನಿಂದ ಬ್ಯಾಂಕಿಗೆ ಇನ್ನೂರು ಹೆಜ್ಜೆ. ಅಲ್ಲಿ ಅವನ ಹೆಸರಲ್ಲಿ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಠೇವಣಿ ಇತ್ತು. ಒಂದು ಬೆಳಿಗ್ಗೆ ಠೇವಣಿಯ ಬಾಂಡು ಹಿಡಿದುಕೊಂಡು ಬ್ಯಾಂಕಿನ ಬಾಗಿಲ ತನಕ ಹೋದ. ಕೌಂಟರಿನ ಮುಂದೆ ಜನ ಇದ್ದರು. ಜನ ಇದ್ದಾರೆ ಎಂದು ವಾಪಸ್ ಬಂದ.

ಮೇ ಇಪ್ಪತ್ತೆಂಟಕ್ಕೆ ಅದೇ ಭಟ್ಕಳದ ಪಾರ್ಟಿ ಮತ್ತೆ ಬಂತು. ನೋಟಿಸಿನ ವಿಷಯ ಅವರಿಗೂ ಗೊತ್ತಾಗಿತ್ತು. ಒಂಬತ್ತಕ್ಕೆ ಕೇಳಿದ್ದ ಬೋಟನ್ನು ಐದೂವರೆಗೆ ಕೇಳಿದರು, ಭಾಸ್ಕರ ಕೊಟ್ಟ. ಸೊಸೈಟಿಗೆ ಅಸಲು ಬಡ್ಡಿ ತುಂಬಿ, ಪಾಂಡುವಿಗೂ ಆಳುಗಳಿಗೂ ಬಾಕಿಯಿದ್ದ ಪಾಲು ಕೊಟ್ಟು, ಡೀಸೆಲಿನ ಉದ್ರಿ ತೀರಿಸಿದ ಮೇಲೆ ರೇಖಾಳ ಕೈಗೆ ಬಂದದ್ದು ಹನ್ನೊಂದು ಸಾವಿರ. ಪಾಲಿನ ದಿನದ ಹಾಗೆಯೇ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಅವಳು ಆ ಲೆಕ್ಕವನ್ನೂ ಓದಿದಳಂತೆ. ಜೂನಿನಲ್ಲಿ ಕಮಲಾಕರ ಅರ್ಚಿತಾಳ ಫೀ ಕಟ್ಟಿ ರಸೀತಿ ಇಸಿದುಕೊಂಡ.

ಸೆಪ್ಟೆಂಬರಿನಲ್ಲಿ, ಗಾಳಿ ಜೋರಾಗಿ ಬೋಟುಗಳು ಬಂದರದಲ್ಲೇ ನಿಂತಿದ್ದ ಒಂದು ದಿನ, ಭಾಸ್ಕರ ಆಫೀಸಿಗೆ ಬಂದ. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಗಡ್ಡದಲ್ಲಿ ಬಿಳಿ ಹೆಚ್ಚಾಗಿತ್ತು. ತನ್ನದೇ ಬೋಟಿನಲ್ಲಿ ಈಗ ಅವನು ಅಡುಗೆಯವನಂತೆ. ಜಜ್ಜಿದ ಕಾಲಿನವನಿಗೆ ಬಲೆ ಎಳೆಯುವ ಕೆಲಸ ಯಾರು ಕೊಡುತ್ತಾರೆ? ಭಟ್ಕಳದ ಮಾಲೀಕರು ಪಾಂಡುವನ್ನು ತಾಂಡೇಲನಾಗಿ ಇಟ್ಟುಕೊಂಡಿದ್ದರು. ಪಾಂಡು ಹೇಳಿ ಇವನಿಗೆ ಒಲೆಯ ಕೆಲಸ ಕೊಡಿಸಿದ್ದ, ಒಬ್ಬ ಆಳಿನ ಮುಕ್ಕಾಲು ಪಾಲಿಗೆ.

“ಖಾತೆ ಮುಚ್ಚೂದಕ್ಕೆ ಎಲ್ಲಿ ಸಹಿ ಹಾಕೂದು, ಹೇಳಿ,” ಎಂದ.

ಕಮಲಾಕರ ಕಾಗದ ಕೊಟ್ಟ. ಭಾಸ್ಕರ ಓದದೆ ಸಹಿ ಹಾಕಿದ. ಏನಾದರೂ ಮಾತಾಡಬೇಕೆಂದು ಕಮಲಾಕರ ಕೇಳಿದ, “ಈ ಸಲ ಮೀನು ಹೇಗೆ?”

“ಇಲ್ಲ ಮಾರಾಯ್ರೆ. ಪಾಂಡು ಈಗ್ಲೂ ನನ್ನ ಕೇಳ್ತಾ, ಬಲೆ ಎಲ್ಲಿ ಬಿಡೂದು ಅಂತ. ನಾ ಹೇಳೂದಿಲ್ಲ. ಮೊನ್ನೆ ಒಂದು ಕಡೆ ನೀರು ನೋಡಿ ಇಲ್ಲೇ ಅದೆ ಅಂತ ಮನಸ್ಸಿಗೆ ಬಂತು. ಬಾಯಿ ಬಿಡಲಿಲ್ಲ. ಆಮೇಲೆ ಅಲ್ಲೇ ಬೇರೆ ಬೋಟಿನವರಿಗೆ ತುಂಬ ಬಂಗಡೆ ಸಿಕ್ತು.” ನಕ್ಕ. “ಆದ್ರೂ ನಂಬೂಕೆ ಧೈರ್ಯ ಇಲ್ಲ. ನನ್ನ ಅಂದಾಜು ಪೂರಾ ತಪ್ಪು ಅಂತ ಕಾಗದದ ಮ್ಯಾಲೇ ಬಂತಲ, ಹದಿಮೂರು ಲಕ್ಷ. ಐದು ಜನರ ಹೊಟ್ಟೆ ನನ್ನ ಕಣ್ಣಿನ ಮ್ಯಾಲೆ ಬಿಟ್ಟು ಎಂತ ಮಾಡೂದು?”

ಆ ಮೂರು ಸಾಲಿನ ಹಾಳೆ ಅಲ್ಲೇ, ಕಂಪ್ಯೂಟರಿನಲ್ಲಿತ್ತು. ಗುಂಡಿ ಒತ್ತಿದರೆ ಬರುತ್ತಿತ್ತು. ಕಮಲಾಕರ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. “ಭಾಸ್ಕರ,” ಎಂದ.

“ತಡೀರಿ, ಇನ್ನೊಂದು ಬಾಕಿ ಅದೆ,” ಎಂದು ಭಾಸ್ಕರ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಎಲ್ಲವೂ ಐನೂರರ ನೋಟು.

“ಇದೆಂತದು?”

“ನಿಮ್ಮ ದಲಾಲಿ. ಐದು ಸಾವಿರ ಅದೆ. ನನ್ನ ಕೈಲಿ ಆದದ್ದು ಅಷ್ಟೇಯ.”

ಕಮಲಾಕರ ನೋಟುಗಳನ್ನೂ ಭಾಸ್ಕರನನ್ನೂ ನೋಡಿದ.

“ಎರಡು ವರ್ಷ ದಿನಾ ನಿಮ್ಮ ಕುರ್ಚಿ ಮ್ಯಾಲೆ ಕೂತೆ, ನಿಮ್ಮ ಚಾ ಕುಡಿದೆ. ನಮ್ಮ ಬಂದರದಲ್ಲಿ ಹರಾಜು ಕೂಗೂವವ ನೂರಕ್ಕೆ ಇಷ್ಟು ಅಂತ ಮುಖದ ಮ್ಯಾಲೇ ಹೇಳಿ ತಕಂತಾ. ನೀವು ಒಂದಿನ ಬಾಯಿಬಿಟ್ಟು ಕೇಳಲಿಲ್ಲ. ಸೋಲೂವವನ ಹತ್ರ ದಲಾಲಿ ಎಂತ ಕೇಳೂದು ಅಂತ ಸುಮ್ಮನಿದ್ರಿ. ನಂಗೆ ಅರ್ಥ ಆಗೂದಿಲ್ಲ ಅಂತ ತಿಳಕಂಡ್ರಾ? ಮೊದಲ ತಿಂಗಳ ಪಾಲು ಬಂದ್ ಕೂಡ್ಲೆ ಹೆಗ್ಡೇರದ್ದು ಕೊಟ್ಟು ಬನ್ನಿ ಅಂತ ರೇಖನೇ ಹೇಳ್ತು.”

“ಬೇಡ ಭಾಸ್ಕರ. ಇದು ಬೇಡ.”

“ಯಾಕೆ ಬೇಡ?”

ಯಾಕೆ ಎಂಬುದಕ್ಕೆ ಉತ್ತರ ಒಂದೇ ಇತ್ತು. ಅದನ್ನು ಹೇಳಿದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಬೋಟಿನವರೆಗೂ ಹೇಳಬೇಕಾಗಿತ್ತು. ಏಪ್ರಿಲಿನಲ್ಲಿ ಹೇಳಿದ್ದರೆ ಅದು ತಪ್ಪೊಪ್ಪಿಗೆ ಆಗುತ್ತಿತ್ತು. ಈಗ ಹೇಳಿದರೆ ಏನಾಗುತ್ತದೆ ಎಂದು ಯೋಚಿಸಲಿಕ್ಕೂ ಅವನಿಗೆ ಧೈರ್ಯವಾಗಲಿಲ್ಲ. ಬೆರಳ ತುದಿಯಿಂದ ನೋಟುಗಳನ್ನು ಭಾಸ್ಕರನ ಕಡೆಗೆ ಸರಿಸಿದ.

ಭಾಸ್ಕರನ ಮುಖ ನಿಧಾನಕ್ಕೆ ಬಾಡಿತು. ನೋಟುಗಳ ಮೇಲೆ ಕೈ ಇಟ್ಟು, ದನಿ ತಗ್ಗಿಸಿ ಕೇಳಿದ, “ಮೀನಿನ ದುಡ್ಡು ಅಂತಾ, ಹೆಗ್ಡೇರೆ?”

“ಛೆ ಛೆ, ಹಾಂಗಲ್ಲ.” ಕಮಲಾಕರ ಗಡಬಡಿಸಿ ಕೈ ಚಾಚಿದ. ನೋಟು ತೆಗೆದುಕೊಂಡ.

ಭಾಸ್ಕರನ ಮುಖದಲ್ಲಿ ಎರಡು ವರ್ಷದಲ್ಲಿ ಕಾಣದಿದ್ದ ಒಂದು ನಿರಾಳ ಕಂಡಿತು. “ಎಣಿಸ್ಕಣಿ,” ಎಂದ. ಕಮಲಾಕರ ಎಣಿಸಿದ. ಹತ್ತು ನೋಟು ಇದ್ದವು.

“ಈಗ ನಮ್ಮಿಬ್ಬರದ್ದು ಚುಕ್ತಾ ಆತಲ?” ಭಾಸ್ಕರ ಎದ್ದು ನಿಂತು ಕೇಳಿದ.

“ಹೌದು,” ಎಂದ ಕಮಲಾಕರ. “ಚುಕ್ತಾ ಆತು.”